ಕಡಲೆಕಾಯಿ ಪರಿಷೆ ತಪ್ಪಿದ ವರ್ಷ

2023ರ ಡಿಸೆಂಬರ್ 11, ಕಾರ್ತಿಕದ ಕೊನೆಯ ಸೋಮವಾರ, ಕಡಲೆಕಾಯಿ ಪರಿಷೆಯ ದಿನ. ಜರ್ಮನಿಯಲ್ಲಿ ಮಧ್ಯಾಹ್ನ ಮೂರೂವರೆ, ಬಸವನಗುಡಿಯಲ್ಲಿ ರಾತ್ರಿ ಎಂಟು. ನಾನು ಲ್ಯಾಬಿನಲ್ಲಿದ್ದಾಗ ಅಪ್ಪನ ಕರೆ ಬಂತು. ಗ್ಲೌಸು ಬಿಚ್ಚಿ ಕಾರಿಡಾರಿಗೆ ಓಡಿ ಬಂದು ಎತ್ತಿಕೊಂಡೆ. ಅಪ್ಪ ಮಾತಾಡಲಿಲ್ಲ. ಫೋನನ್ನು ಎತ್ತರಕ್ಕೆ ಹಿಡಿದು ಬುಲ್ ಟೆಂಪಲ್ ರಸ್ತೆಯ ಸದ್ದನ್ನು ಕೇಳಿಸಿದರು. ಪೀಪಿ, ಮಕ್ಕಳ ರಂಪ, ಸೇರಿನಲ್ಲಿ ಅಳೆದು ಸುರಿಯುವ ಕಡಲೆಕಾಯಿಯ ಸರಸರ, ಜನಜಂಗುಳಿಯಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದ ದನಿ. ಕಿಟಕಿಯಾಚೆ ಹಿಮ ಕರಗಿ ಕಪ್ಪಾಗಿದ್ದ ರಸ್ತೆ. ಇನ್ನೊಂದು ಗಂಟೆಯಲ್ಲಿ ಸೂರ್ಯ ಮುಳುಗುತ್ತಾನೆ. ಕೋವಿಡ್ ಕಾಲವನ್ನು ಬಿಟ್ಟರೆ ಹುಟ್ಟಿದಾಗಿನಿಂದ ನಾನು ತಪ್ಪಿಸಿಕೊಂಡ ಮೊದಲ ಪರಿಷೆ ಅದು. ಎರಡು ನಿಮಿಷ ಆ ಸದ್ದು ಕೇಳಿದೆವು. ಆಮೇಲೆ ಅಪ್ಪ, 'ಸರಿ, ಕೆಲಸ ನೋಡ್ಕೋ' ಎಂದು ಇಟ್ಟರು.

ಜೀವರಸಾಯನ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದ ನಾನು ಒಂದು ಚಳಿಗಾಲದ ಸೆಮಿಸ್ಟರನ್ನು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಕಳೆದೆ. ಅಕ್ಟೋಬರ್ ಮಧ್ಯದಿಂದ ಫೆಬ್ರವರಿಯವರೆಗೆ ಪಾಠ, ಹಿಂದುಮುಂದಿನ ದಿನಗಳೂ ಸೇರಿ ಒಟ್ಟು ಐದು ತಿಂಗಳು. ಟ್ಯೂಬಿಂಗನ್ ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ನೆಕರ್ ನದಿಯ ದಂಡೆಯ ಸಣ್ಣ ಊರು, ಜನಸಂಖ್ಯೆ ಸುಮಾರು 90 ಸಾವಿರ. ಅದರಲ್ಲಿ ಮೂರನೆಯ ಒಂದು ಪಾಲಿಗೆ ಹತ್ತಿರ ವಿದ್ಯಾರ್ಥಿಗಳೇ. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಕೆಂಪೇಗೌಡರು ಬೆಂಗಳೂರಿನ ಕೋಟೆಗೆ ಗುದ್ದಲಿ ಹಾಕುವುದಕ್ಕೆ ಅರವತ್ತು ವರ್ಷ ಮೊದಲು ಅಲ್ಲಿ ಪಾಠ ನಡೆಯುತ್ತಿತ್ತು.

ನಮ್ಮ ಎನ್.ಆರ್. ಕಾಲೊನಿಯಲ್ಲಿ ಫಾರಿನ್ನಿಗೆ ಹೋಗುವುದು ಹೊಸದೇನಲ್ಲ. ಬೀದಿಯ ಪ್ರತಿ ಎರಡನೆಯ ಮನೆಯಲ್ಲೂ ಅಮೆರಿಕದಲ್ಲಿ ಎಂ.ಎಸ್. ಮಾಡಿ ಅಲ್ಲೇ ನೆಲೆಸಿದ ಒಬ್ಬರಿದ್ದಾರೆ. ಮಲ್ಲೇಶ್ವರದ ಅತ್ತೆಯ ಮನೆಯ ಬೀದಿಯೂ ಹಾಗೆಯೇ. ಮೇಲಿನ ಮಹಡಿ ಬಾಡಿಗೆಗೆ, ಕೆಳಗೆ ಇಬ್ಬರೇ ವಯಸ್ಸಾದವರು, ಗೋಡೆಯ ಮೇಲೆ ಹಿಮದಲ್ಲಿ ನಿಂತ ಮೊಮ್ಮಕ್ಕಳ ಫೋಟೊ. ಆದ್ದರಿಂದ 'ಜರ್ಮನಿಗೆ ಹೋಗ್ತಿದೀನಿ' ಎಂದರೆ ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ, 'ಎಷ್ಟು ವರ್ಷ?' ಐದು ತಿಂಗಳು ಎಂದಾಗ ಮುಖದಲ್ಲಿ ಗೊಂದಲ. ಐದು ತಿಂಗಳಿಗೆ ಯಾರಾದರೂ ಹೋಗುತ್ತಾರೆಯೇ? ಅಜ್ಜಿ ಮಾತ್ರ ಸಮಾಧಾನದಿಂದ, 'ಬಾಣಂತನಕ್ಕೆ ಹೋಗಿ ಬಂದಷ್ಟೇ ಬಿಡು' ಎಂದರು.

ಅಜ್ಜಿಯ ಆ ಲೆಕ್ಕ ನನಗೆ ಬಹಳ ಹಿಡಿಸಿತು. ಪೂರ್ತಿ ಪದವಿಗೆ ಹೋಗುವವರು ಮನಸ್ಸಿನಲ್ಲೇ ಮನೆ ಖಾಲಿ ಮಾಡಿಕೊಂಡು ಹೊರಡುತ್ತಾರೆ. ಸಾಲ ತೀರಿಸಬೇಕು, ಕೆಲಸ ಹುಡುಕಬೇಕು, ವೀಸಾ ಮುಂದುವರಿಸಬೇಕು. ಒಂದು ಸೆಮಿಸ್ಟರಿಗೆ ಹೋದವಳಿಗೆ ಅದ್ಯಾವುದೂ ಇಲ್ಲ. ವಾಪಸು ಬರುವ ದಿನ ಟಿಕೆಟ್ಟಿನಲ್ಲೇ ಅಚ್ಚಾಗಿರುತ್ತದೆ. ಆದ್ದರಿಂದ ಅಲ್ಲಿ ಕಂಡ ಪ್ರತಿಯೊಂದನ್ನೂ, 'ಇದು ನಮ್ಮಲ್ಲಿ ಯಾಕಿಲ್ಲ, ನಮ್ಮಲ್ಲಿರುವುದು ಇಲ್ಲಿ ಯಾಕಿಲ್ಲ' ಎಂದು ಅಳೆದು ನೋಡುವ ಬಿಡುವು ಸಿಗುತ್ತದೆ.

ವಿಜ್ಞಾನ ವಿಭಾಗಗಳೆಲ್ಲ ಇರುವುದು ಊರ ಹೊರಗಿನ ಮೋರ್ಗನ್‌ಸ್ಟೆಲ್ಲೆ ಎಂಬ ದಿಬ್ಬದ ಮೇಲೆ. ನನ್ನ ಮನಸ್ಸು ನಿಂತದ್ದು ಮಾತ್ರ ಊರ ನಡುವಿನ ಹಳೆಯ ಕೋಟೆಯಲ್ಲಿ. ಹೋಹನ್‌ಟ್ಯೂಬಿಂಗನ್ ಎಂಬ ಆ ಕೋಟೆಯ ಹಳೆಯ ಅಡುಗೆಮನೆ 19ನೆಯ ಶತಮಾನದಲ್ಲಿ ಪ್ರಯೋಗಶಾಲೆಯಾಗಿತ್ತು. 1869ರಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ಸ್ವಿಸ್ ಯುವಕ ಅಲ್ಲಿ ಕೆಲಸ ಮಾಡುತ್ತಿದ್ದ. ಆಗ ಅವನಿಗೆ ಇನ್ನೂ ಇಪ್ಪತ್ತೈದರ ವಯಸ್ಸು. ಆಸ್ಪತ್ರೆಯಿಂದ ಗಾಯಕ್ಕೆ ಸುತ್ತಿದ ಬ್ಯಾಂಡೇಜುಗಳನ್ನು ತರಿಸಿ, ಅವುಗಳ ಕೀವನ್ನು ತೊಳೆದು, ಜೀವಕೋಶಗಳನ್ನು ಬೇರ್ಪಡಿಸಿ, ಆ ಕೋಶಗಳ ನ್ಯೂಕ್ಲಿಯಸ್‌ನೊಳಗಿಂದ ಅದುವರೆಗೆ ಯಾರೂ ಕಾಣದ ಒಂದು ವಸ್ತುವನ್ನು ಹೊರತೆಗೆದ. ಪ್ರೋಟೀನ್ ಅಲ್ಲ, ಕೊಬ್ಬೂ ಅಲ್ಲ, ರಂಜಕ ಹೆಚ್ಚಾಗಿರುವ ವಸ್ತು. ಅದಕ್ಕೆ 'ನ್ಯೂಕ್ಲಿಯಿನ್' ಎಂದು ಹೆಸರಿಟ್ಟ. ನಾವು ಇಂದು ಡಿ.ಎನ್.ಎ. ಎನ್ನುವುದು ಮೊದಲ ಬಾರಿ ಮನುಷ್ಯನ ಕೈಗೆ ಸಿಕ್ಕಿದ್ದು ಹಾಗೆ. ವಾಟ್ಸನ್ ಮತ್ತು ಕ್ರಿಕ್ ಅದರ ಸುರುಳಿಯ ರೂಪವನ್ನು ಪ್ರಕಟಿಸಿದ್ದು 84 ವರ್ಷಗಳ ನಂತರ.

ಪಿ.ಯು.ಸಿ.ಯಿಂದಲೂ ನಾನು ಡಿ.ಎನ್.ಎ. ಬಗ್ಗೆ ಪರೀಕ್ಷೆಗಳಲ್ಲಿ ಬರೆದಿದ್ದೇನೆ. ಅದನ್ನು ಯಾರೋ ಒಬ್ಬರು ಕೀವಿನಿಂದ ತೊಳೆದು ತೆಗೆದರು ಎಂದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಗೊತ್ತಿರಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಆ ಕಲ್ಲಿನ ಕಮಾನಿನ ಕೋಣೆಯಲ್ಲಿ ನಿಂತಾಗ ನನ್ನ ವಿಷಯ ಮೊದಲ ಬಾರಿಗೆ ಪುಸ್ತಕದಿಂದ ಇಳಿದು ಒಬ್ಬ ಹುಡುಗನ ಎರಡು ಕೈಗಳ ಕೆಲಸವಾಗಿ ಕಂಡಿತು. ಚಳಿಗಾಲದಲ್ಲೇ ಆ ಕೆಲಸ ಮಾಡುತ್ತಿದ್ದನಂತೆ, ತಣ್ಣಗಿದ್ದರೆ ವಸ್ತು ಕೆಡುವುದಿಲ್ಲವಲ್ಲ. ಹೀಟರ್ ಇದ್ದ ನಮ್ಮ ಲ್ಯಾಬಿನಲ್ಲಿ ಐಸ್ ಬಕೆಟ್ ಇಟ್ಟುಕೊಂಡು ಕೂತಾಗಲೆಲ್ಲ ಅವನು ನೆನಪಾಗುತ್ತಿದ್ದ.

ಪಾಠದ ಕ್ರಮ ನನ್ನನ್ನು ಮೊದಲ ತಿಂಗಳು ಹೈರಾಣ ಮಾಡಿತು. ವೇಳಾಪಟ್ಟಿಯಲ್ಲಿ 10 ಎಂದಿದ್ದರೆ ತರಗತಿ ಶುರುವಾಗುವುದು 10.15ಕ್ಕೆ. ಆ ಕಾಲು ಗಂಟೆ ಶತಮಾನಗಳ ಸಂಪ್ರದಾಯ. ಹಾಜರಾತಿ ತೆಗೆದುಕೊಳ್ಳುವವರೇ ಇಲ್ಲ. ಇವೆಲ್ಲ ಬೇಗ ರೂಢಿಯಾದವು. ರೂಢಿಯಾಗದ್ದು ವಾರದ ಸೆಮಿನಾರ್. ಪ್ರತಿ ವಾರ ಒಂದು ಸಂಶೋಧನಾ ಪ್ರಬಂಧ, ಒಬ್ಬ ವಿದ್ಯಾರ್ಥಿ ಅದನ್ನು ವಿವರಿಸಬೇಕು. ಪ್ರೊಫೆಸರ್ ಹಿಂದಿನ ಸಾಲಿನಲ್ಲಿ ಎಲ್ಲರೊಟ್ಟಿಗೆ ಕೂತಿರುತ್ತಾರೆ. ನನ್ನ ಸರದಿ ಬಂದಾಗ ಮೂರು ರಾತ್ರಿ ನಿದ್ದೆಗೆಟ್ಟು ಸ್ಲೈಡು ಮಾಡಿದ್ದೆ. ಪ್ರತಿ ಚಿತ್ರ, ಪ್ರತಿ ಗ್ರಾಫ್ ವಿವರಿಸಿದೆ, ಒಂದೂ ತಪ್ಪಲಿಲ್ಲ. ಮುಗಿದ ಮೇಲೆ ಎಲ್ಲರೂ ಅಲ್ಲಿನ ಪದ್ಧತಿಯಂತೆ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರು. ಆಮೇಲೆ ಪ್ರೊಫೆಸರ್ ಮೃದುವಾಗಿ ಕೇಳಿದರು: ಇದರಲ್ಲಿ ನಿನಗೆ ಒಪ್ಪಿಗೆಯಾಗದ ಭಾಗ ಯಾವುದು?

ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿರಲಿಲ್ಲ ಎಂದಲ್ಲ, ಆ ಪ್ರಶ್ನೆಯೇ ನನಗೆ ಹೊಸದು. ಹದಿನಾರು ವರ್ಷ ಓದಿದ್ದೇನೆ. ಅಚ್ಚಾದದ್ದನ್ನು ಅರ್ಥ ಮಾಡಿಕೊಳ್ಳಬೇಕು, ನೆನಪಿಟ್ಟುಕೊಳ್ಳಬೇಕು, ಕೇಳಿದಾಗ ಹೇಳಬೇಕು. ಅಚ್ಚಾದದ್ದಕ್ಕೆ ಒಪ್ಪದೆಯೂ ಇರಬಹುದು, ಆ ಒಪ್ಪದಿರುವಿಕೆಗೆ ಕಾರಣ ಕೊಡುವುದೇ ಪಾಠ ಎಂದು ಯಾವ ತರಗತಿಯಲ್ಲೂ ಅಭ್ಯಾಸವಾಗಿರಲಿಲ್ಲ.

ಅಂದು ರಾತ್ರಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಅನ್ನಕ್ಕಿಟ್ಟು ಕಾಯುತ್ತಿದ್ದಾಗ ಎಚ್. ನರಸಿಂಹಯ್ಯನವರು ನೆನಪಾದರು. ಅವರನ್ನು ನಾನು ನೋಡಿಲ್ಲ. 2005ರಲ್ಲಿ ಅವರು ತೀರಿಕೊಂಡಾಗ ನಾನು ಅಂಗನವಾಡಿಯ ವಯಸ್ಸಿನವಳು. ಆದರೆ ಬಸವನಗುಡಿಯ ಮಕ್ಕಳಿಗೆ ಎಚ್‌ಎನ್ ಎಂದರೆ ಮನೆಯವರ ಹೆಸರಿದ್ದ ಹಾಗೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, ನ್ಯಾಷನಲ್ ಹೈಸ್ಕೂಲಿಗೆ ಸೇರಲು ಊರಿನಿಂದ ನಡೆದೇ ಬೆಂಗಳೂರಿಗೆ ಬಂದವರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋದರು. ಭೌತವಿಜ್ಞಾನ ಓದಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟರಾದರು. ನಡುವಯಸ್ಸಿಗೆ ಹತ್ತಿರವಾದಾಗ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಹಾಗೆ ಓದಿದವರಿಗೆ ಆ ಕಾಲದಲ್ಲಿ ಅಮೆರಿಕದ ಬಾಗಿಲು ತೆರೆದೇ ಇತ್ತು. ಅವರು ವಾಪಸು ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಉಳಿದರು. ಪ್ರಿನ್ಸಿಪಾಲರಾದಾಗಲೂ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅವರಿಗೆ ಅದೇ ಕೋಣೆ, ಅದೇ ಖಾದಿ, ಅದೇ ಗಾಂಧಿ ಟೋಪಿ.

ಬಂದ ಎರಡೇ ವರ್ಷಕ್ಕೆ, 1962ರಲ್ಲಿ, ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರವಾರ ಒಬ್ಬ ವಿಜ್ಞಾನಿಯ ಉಪನ್ಯಾಸ, ಬಾಗಿಲು ಎಲ್ಲರಿಗೂ ತೆರೆದಿದೆ, ಕೊನೆಯಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂಬುದನ್ನು ಅವರು ಜೀವನವಿಡೀ ಹೇಳಿದರು. ಅಪ್ಪ ನನ್ನನ್ನು ಹೈಸ್ಕೂಲಿನಲ್ಲಿದ್ದಾಗ ಆ ಉಪನ್ಯಾಸಗಳಿಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಕಪ್ಪುರಂಧ್ರದ ಬಗ್ಗೆ ನಾನೇ ಎದ್ದು ನಿಂತು ಏನೋ ಕೇಳಿದ್ದೆ, ಜನ ಚಪ್ಪಾಳೆ ತಟ್ಟಿದ್ದರು. ಮರುದಿನ ಶಾಲೆಯಲ್ಲಿ ಪಾಠದ ನಡುವೆ ಅಂಥದೇ ಪ್ರಶ್ನೆ ಕೇಳಿದಾಗ ಸಿಕ್ಕ ಉತ್ತರ, 'ಪೋರ್ಷನ್ ಮುಗೀಬೇಕು, ಕೂತ್ಕೋ.' ಪ್ರಶ್ನೆ ಕೇಳುವುದು ನಮ್ಮ ಊರಿನಲ್ಲಿ ಇಲ್ಲವೆಂದಲ್ಲ. ಅದು ಸಂಜೆಯ ಸಭೆಯಲ್ಲಿತ್ತು, ಬೆಳಗಿನ ತರಗತಿಯಲ್ಲಿ ಇರಲಿಲ್ಲ. ಟ್ಯೂಬಿಂಗನ್ನಿನಲ್ಲಿ ಅದಕ್ಕೆ ವೇಳಾಪಟ್ಟಿಯಲ್ಲೇ ಜಾಗವಿತ್ತು, ಅಂಕವಿತ್ತು. ಅಷ್ಟೇ ವ್ಯತ್ಯಾಸ. ಆ ಅಷ್ಟೇ ಎನ್ನುವುದು ಎಷ್ಟು ದೊಡ್ಡದೆಂದು ಈಗ ಇಲ್ಲಿ ತರಗತಿಯಲ್ಲಿ ಕೂತಾಗ ದಿನವೂ ತಿಳಿಯುತ್ತದೆ.

ಮುಂದಿನ ಸರದಿಯಲ್ಲಿ ನಾನು ಒಪ್ಪಿಗೆಯಾಗದ ಎರಡು ಸಂಗತಿ ಹೇಳಿದೆ. ಒಂದು ತಪ್ಪು ಎಂದು ಪ್ರೊಫೆಸರ್ ತೋರಿಸಿಕೊಟ್ಟರು. ಇನ್ನೊಂದಕ್ಕೆ, 'ನನಗೂ ಗೊತ್ತಿಲ್ಲ, ಲೇಖಕರಿಗೇ ಬರೆದು ಕೇಳು' ಎಂದರು. ಬರೆದೆ. ನಾಲ್ಕು ದಿನದಲ್ಲಿ ಉತ್ತರ ಬಂತು.

ಚಳಿಗಾಲದ ಕತ್ತಲೆಯ ಬಗ್ಗೆ ಯಾರೂ ನನಗೆ ಸರಿಯಾಗಿ ಎಚ್ಚರಿಸಿರಲಿಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮನೆಗೂ ನನಗೂ ಇದ್ದ ಮೂರೂವರೆ ಗಂಟೆಯ ಅಂತರ ರಾತ್ರೋರಾತ್ರಿ ನಾಲ್ಕೂವರೆಯಾಯಿತು. ಅಮ್ಮ ಮಲಗುವ ಹೊತ್ತಿಗೆ ನನ್ನ ಲ್ಯಾಬು ಮುಗಿಯುತ್ತಿರಲಿಲ್ಲ. ಡಿಸೆಂಬರಿನಲ್ಲಿ ಬೆಳಗ್ಗೆ ಎಂಟಕ್ಕೂ ಕತ್ತಲು, ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿ, ಊರಿಗೆ ಊರೇ ನಿಶ್ಶಬ್ದ. ಗಾಂಧಿ ಬಜಾರಿನ ಭಾನುವಾರದ ನಡುವೆ ಬೆಳೆದ ನನಗೆ ಆ ಮೌನ ಎದೆಯ ಮೇಲೆ ಕೂತಂತಾಗುತ್ತಿತ್ತು. ಎರಡು ವಾರ ನಾನು ಯಾರೊಂದಿಗೂ ಮನಬಿಚ್ಚಿ ಮಾತಾಡಲಿಲ್ಲ. ಬೀಳ್ಕೊಡಲು ಬಂದಿದ್ದ ನೆಂಟರಿಗೆ ಕಳಿಸುವ ಫೋಟೊಗಳಲ್ಲಿ ಮಾತ್ರ ನಗುತ್ತಿದ್ದೆ. ಹೊರಡಲಿರುವವರಿಗೆ ಇದನ್ನು ಹೇಳಲೇಬೇಕು: ಹಾಗಾಗುತ್ತದೆ, ಯಾರಿಗಾದರೂ ಬಾಯಿಬಿಟ್ಟು ಹೇಳಿ.

ನಾನು ಹೇಳಿದ್ದು ಪಕ್ಕದ ಕೋಣೆಯ ಜರ್ಮನ್ ಹುಡುಗಿಗೆ. 'ಇಲ್ಲಿ ನನ್ನನ್ನು ಯಾರೂ ಊಟ ಆಯ್ತಾ ಅಂತ ಕೇಳಲ್ಲ' ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅದು ಊಟದ ಬಗೆಗಿನ ಪ್ರಶ್ನೆಯಲ್ಲ, ನೀನು ಹೇಗಿದ್ದೀಯ, ನನಗೆ ನಿನ್ನ ಚಿಂತೆ ಇದೆ, ಮಾತು ಶುರು ಮಾಡೋಣವೇ ಎಂಬುದೆಲ್ಲ ಅದರೊಳಗಿದೆ ಎಂದು ಬಿಡಿಸಿ ಹೇಳಿದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಂದಿನಿಂದ ಪ್ರತಿ ಸಂಜೆ ಬಾಗಿಲು ತಟ್ಟಿ, 'ಊಟ ಆಯ್ತಾ?' ಒಂದು ಸಂಜೆ ಕ್ರಿಸ್‌ಮಸ್ ಸಂತೆಗೆ ಕರೆದೊಯ್ದು, ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ಸುಟ್ಟ ಚೆಸ್ಟ್‌ನಟ್ ಕೊಡಿಸಿದಳು. ಸಿಪ್ಪೆ ಸುಲಿದು ತಿನ್ನುತ್ತಾ ಜನರ ನಡುವೆ ನಡೆದೆವು. ಪರಿಷೆ ಮುಗಿದು ಆಗಿನ್ನೂ ಒಂದು ವಾರವಾಗಿರಲಿಲ್ಲ.

ಆ ಊರಿನ ಇನ್ನೊಂದು ಸಂಗತಿ ಈಗಲೂ ನನ್ನನ್ನು ಕಾಡುತ್ತದೆ. 2022ರ ಜನವರಿಯಿಂದ ಟ್ಯೂಬಿಂಗನ್ ನಗರಸಭೆ ಬಿಸಾಡುವ ಲೋಟ, ತಟ್ಟೆಗಳ ಮೇಲೆ ತೆರಿಗೆ ಹಾಕಿದೆ. ಪೇಪರ್ ಕಪ್ಪಿನಲ್ಲಿ ಕಾಫಿ ಬೇಕೆಂದರೆ 50 ಸೆಂಟ್ ಹೆಚ್ಚು, ಆಗಿನ ಲೆಕ್ಕದಲ್ಲಿ ಸುಮಾರು 45 ರೂಪಾಯಿ. ಒಂದು ಹೋಟೆಲ್ ಕಂಪನಿ ಕೋರ್ಟಿಗೆ ಹೋಯಿತು, ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2025ರಲ್ಲಿ ನಗರಸಭೆಯ ಪರ ತೀರ್ಪು ಕೊಟ್ಟಿತು. ವಿದ್ಯಾರ್ಥಿಗಳೆಲ್ಲ ಲೋಟವನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. 1943ರಿಂದ ದೋಸೆ ಕಾಫಿ ಕೊಡುತ್ತಿರುವ ವಿದ್ಯಾರ್ಥಿ ಭವನದ ಊರಿನವಳು ನಾನು. ಸ್ಟೀಲ್ ಲೋಟ, ಬಟ್ಟಲು, ಬೈಟು ಕಾಫಿ ನಮ್ಮ ನಡೆನುಡಿ. ಅದನ್ನು ಬಿಟ್ಟು ದರ್ಶಿನಿಗಳಲ್ಲಿ ನಾವೇ ಪೇಪರ್ ಕಪ್ಪು ಕೇಳಿ ಪಡೆಯುತ್ತಿದ್ದೇವೆ. ಅಲ್ಲಿ ಕಾನೂನು ಮಾಡಿ ತರುತ್ತಿರುವುದನ್ನು ಇಲ್ಲಿ ನಾವು ಕಾರಣವಿಲ್ಲದೆ ಕಳೆದುಕೊಳ್ಳುತ್ತಿರುವುದು ಕಂಡು ನಿಜಕ್ಕೂ ದುಃಖವಾಗುತ್ತದೆ.

ಕಿಟ್ಟೆಲ್ ಸಿಕ್ಕಿದ್ದು ಆಕಸ್ಮಿಕವಾಗಿ. ಫರ್ಡಿನಾಂಡ್ ಕಿಟ್ಟೆಲ್ ಎಂದರೆ ನನಗೆ ಗೊತ್ತಿದ್ದದ್ದು ಎಂ.ಜಿ. ರಸ್ತೆಯ ಪ್ರತಿಮೆ ಮಾತ್ರ. ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದು ಇದೇ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡದ್ದು ಇದೇ ಊರಿನಲ್ಲಿ ಎಂದು ತಿಳಿದಾಗ ಮೈ ಜುಮ್ಮೆಂದಿತು. 1853ರಲ್ಲಿ ಅವರು ಮಂಗಳೂರಿಗೆ ಬಂದಿಳಿದಾಗ ವಯಸ್ಸು 21. ನಾನು ಸ್ಟುಟ್‌ಗಾರ್ಟಿನ ರೈಲು ಇಳಿದಾಗ ನನಗೆ 22. ಧರ್ಮಪ್ರಚಾರಕ್ಕೆಂದು ಬಂದ ಆ ಯುವಕ ಕನ್ನಡ ಕಲಿತು, ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ನನಗೆ ಐದು ತಿಂಗಳಲ್ಲಿ ಬಂದ ಜರ್ಮನ್ ಎಂದರೆ ಬ್ರೆಡ್ಡು ಕೊಳ್ಳಲು, ಕ್ಷಮಿಸಿ ಎನ್ನಲು, ರೈಲು ತಡವೇ ಎಂದು ಕೇಳಲು ಸಾಕಾಗುವಷ್ಟು. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮುಂದೆ ವರ್ಷಗಟ್ಟಲೆ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ಅದೇ ಪರಿಷತ್ತು ಎಂಟು ಸಂಪುಟಗಳ ಕನ್ನಡ ನಿಘಂಟನ್ನು ದಶಕಗಳ ಕಾಲ ದುಡಿದು ಮುಗಿಸಿತು. ಊರಿಗೆ ಬಂದ ವಾರವೇ ಒಳಗೆ ಹೋಗಿ ಆ ಸಂಪುಟಗಳನ್ನು ಕೈಯಾರೆ ಮುಟ್ಟಿ ನೋಡಿದೆ.

ಫಲಿತಾಂಶ ಬಂದಾಗ ಇನ್ನೊಂದು ಕಥೆ. ಜರ್ಮನಿಯಲ್ಲಿ 1.0 ಎಂದರೆ ಅತ್ಯುತ್ತಮ, 4.0 ದಾಟಿದರೆ ಅನುತ್ತೀರ್ಣ. ನನ್ನ ಸೆಮಿನಾರಿಗೆ 1.3 ಬಂದಿತ್ತು. ಇಲ್ಲಿನ ಒಂದು ಕಚೇರಿಯಲ್ಲಿ ಆ ಹಾಳೆ ಮೂರು ತಿಂಗಳು ಮೇಜಿನಿಂದ ಮೇಜಿಗೆ ಅಲೆಯಿತು. 'ಹತ್ತಕ್ಕೆ 1.3 ಅಂದ್ರೆ ಫೇಲ್ ಅಲ್ವಾ?' ಎಂದು ಕೇಳಿದರು. ಅಲ್ಲಿಯ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಯ ಒಟ್ಟು ದುಡಿಮೆ, ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ನಮ್ಮಲ್ಲಿ ಲೆಕ್ಕ ಹಾಕುವುದು ತರಗತಿಯ ಗಂಟೆಗಳನ್ನು. ಎರಡನ್ನೂ ಹೊಂದಿಸುವ ಸೂತ್ರ ಹೊರಡುವ ಮೊದಲೇ ಲಿಖಿತವಾಗಿ ಒಪ್ಪಿಕೊಂಡಿರಬೇಕು. ನಾನು ಬಾಯಿಮಾತು ನಂಬಿದ್ದೆ. ಹೋಗುವವರು ದಯವಿಟ್ಟು ಸಹಿ, ಮೊಹರು ಹಾಕಿಸಿಕೊಂಡೇ ಹೊರಡಿ. ಆ ದಿನಗಳಲ್ಲಿ ಟಿ.ಪಿ. ಕೈಲಾಸಂ ಬಹಳ ನೆನಪಾದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿದರು, ಅಲ್ಲಿಯ ರಂಗಭೂಮಿಯನ್ನು ಕಣ್ತುಂಬ ತುಂಬಿಕೊಂಡು ಬಂದರು. ಮುಂದೆ ಪರೀಕ್ಷೆಯಲ್ಲಿ ಗೆಲ್ಲುವ ಮಗ ಮತ್ತು ಸೋಲುವ ಮಗನನ್ನು ಎದುರುಬದುರು ನಿಲ್ಲಿಸಿ 'ಟೊಳ್ಳು ಗಟ್ಟಿ' ನಾಟಕ ಬರೆದರು. ಅವರು ಲಂಡನ್ನಿನಿಂದ ತಂದದ್ದು ಯಾವ ಅಂಕಪಟ್ಟಿಯಲ್ಲಿ ನಮೂದಾಗುತ್ತಿತ್ತು?

ಈಗ ದುಡ್ಡಿನ ವಿಷಯ, ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಎಕ್ಸ್‌ಚೇಂಜ್ ವಿದ್ಯಾರ್ಥಿಗೆ ಅಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಯುರೋಪಿನ ಒಕ್ಕೂಟದ ಹೊರಗಿನವರಿಗೆ ವಿಧಿಸುವ ಸೆಮಿಸ್ಟರಿಗೆ 1,500 ಯೂರೋ ಶುಲ್ಕದಿಂದಲೂ ವಿನಾಯಿತಿ ಇದೆ. ಆದರೆ ವೀಸಾ ಬೇಕೆಂದರೆ ಜೀವನವೆಚ್ಚದ ಹಣ ಇದೆಯೆಂದು ಮೊದಲೇ ತೋರಿಸಬೇಕು. ನಾನು ಹೋದಾಗ ತಿಂಗಳಿಗೆ 934 ಯೂರೋ, ಮರುವರ್ಷ ಅದು 992 ಆಯಿತು. ನಾನು ಆರು ತಿಂಗಳಿಗೆ ಸುಮಾರು 5 ಲಕ್ಷ ರೂಪಾಯಿ ಖಾತೆಯಲ್ಲಿ ಇಟ್ಟು, ತಿಂಗಳಿಗಿಷ್ಟು ಎಂದು ತೆಗೆಯಬೇಕಿತ್ತು. ಬ್ಯಾಂಕಿನಿಂದ ನಿವೃತ್ತರಾದ ಅಪ್ಪ ಒಂದು ಠೇವಣಿ ಮುರಿದರು, ನಾನು ಹೋದೆ.

ನನ್ನ ತರಗತಿಯಲ್ಲಿ ನನಗಿಂತ ಚೆನ್ನಾಗಿ ಓದುವ ಹುಡುಗಿಯೊಬ್ಬಳಿದ್ದಳು, ಗೌರಿಬಿದನೂರಿನ ಕಡೆಯವಳೇ. ದಿನವೂ ರೈಲಿನಲ್ಲಿ ಓಡಾಡುತ್ತಿದ್ದಳು. ಅರ್ಜಿಯನ್ನು ಅವಳು ಕೈಯಲ್ಲಿ ಹಿಡಿದು ಓದಿ, ಮಡಿಸಿ ನನಗೇ ಕೊಟ್ಟಳು. ವಿದೇಶದಲ್ಲಿ ಓದುವವರಿಗೆ ಸರ್ಕಾರಗಳ ವಿದ್ಯಾರ್ಥಿವೇತನಗಳಿವೆ, ಆದರೆ ಅವು ಬಹುಮಟ್ಟಿಗೆ ಪೂರ್ತಿ ಪದವಿಗೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇರುವುದು ಸ್ನಾತಕೋತ್ತರ ಪದವಿಗೆ ಮತ್ತು ಪಿಎಚ್.ಡಿ.ಗೆ. ಬಾಡೆನ್-ವ್ಯುರ್ಟೆಂಬರ್ಗ್ ಕೆಲವು ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ವೇತನ ಕೊಡುತ್ತದೆ, ಅದಕ್ಕೆ ಪೈಪೋಟಿ ದೊಡ್ಡದು. ಒಂದು ಸೆಮಿಸ್ಟರ್ ಹೋಗಿ, ಕಲಿತು, ವಾಪಸು ಬಂದು ಇಲ್ಲೇ ಪದವಿ ಮುಗಿಸುವವರಿಗೆ ನಮ್ಮ ಕಡೆಯಿಂದ ಸಾಲವಾಗಿಯಾದರೂ ಆ ಖಾತೆಯ ಹಣ ಸಿಗಬೇಕು. ಅದು ಖರ್ಚಾಗುವುದು ತಿಂಗಳ ಬಾಡಿಗೆಗೆ, ಊಟಕ್ಕೆ. ಪೂರ್ತಿ ಪದವಿಯ ವೆಚ್ಚಕ್ಕೆ ಹೋಲಿಸಿದರೆ ಎಷ್ಟೋ ಕಡಿಮೆ. ಎಚ್‌ಎನ್ ನಡೆದು ಬಂದ ದಾರಿಯ ಊರುಗಳ ಮಕ್ಕಳು ಈಗಲೂ ಬೆಂಗಳೂರಿನವರೆಗೆ ಬರುತ್ತಿದ್ದಾರೆ. ಅಲ್ಲಿಂದ ಮುಂದಕ್ಕೆ ದಾರಿ ಇರುವುದು ಠೇವಣಿ ಇದ್ದ ಮನೆಗಳಿಗೆ ಮಾತ್ರ.

ಎಕ್ಸ್‌ಚೇಂಜ್ ಎಂದರೆ ವಿನಿಮಯ ತಾನೆ. ನನಗೆ ಅಲ್ಲಿ ಶುಲ್ಕವಿಲ್ಲದ್ದು, ಅಲ್ಲಿಂದ ಒಬ್ಬರು ಇಲ್ಲಿಗೆ ಬಂದಾಗ ಅವರಿಗೂ ಶುಲ್ಕವಿಲ್ಲ ಎಂಬ ಒಪ್ಪಂದದ ಮೇಲೆ. ಬರುವವರು ಕಡಿಮೆ. ಪಕ್ಕದ ಕೋಣೆಯ ಆ ಹುಡುಗಿ ಬಂದಳು, 2024ರ ಆಗಸ್ಟಿನಲ್ಲಿ, ಒಂದು ಸೆಮಿಸ್ಟರಿಗೆ. ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇದ್ದಳು. ಅಜ್ಜಿಗೆ ಅವಳ ಹೆಸರು ಹೇಳಲು ಬರದೆ 'ಮಗೂ' ಎಂದೇ ಕರೆದರು.

ನವೆಂಬರ್ 25ಕ್ಕೆ ಪರಿಷೆ. ಬಟ್ಟೆಯ ಚೀಲ ಹಿಡಿದು ಅವಳೂ ಸೇರಿ ನಾಲ್ವರು ಹೊರಟೆವು. ಬಸವಣ್ಣನ ಗುಡಿಯ ಹತ್ತಿರ, ರಾಶಿ ಹಾಕಿಕೊಂಡು ಕೂತಿದ್ದ ಒಬ್ಬ ಅಜ್ಜಿಯ ಮುಂದೆ ಅವಳು ಮಂಡಿಯೂರಿ ಕೂತಳು. ಎರಡು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು, ಸ್ಪಷ್ಟವಾಗಿ ಕೇಳಿದಳು: 'ಊಟ ಆಯ್ತಾ?'

ಆ ಅಜ್ಜಿ ಸೇರು ಕೆಳಗಿಟ್ಟು ಅವಳ ಮುಖ ನೋಡಿದರು. 'ಎಲ್ಲಿ ತಾಯಿ, ಬೆಳಗ್ಗಿಂದ ಎದ್ದಿಲ್ಲ, ಇನ್ನೂ ಆಗಿಲ್ಲ' ಎಂದರು.

ಅವಳು ನನ್ನ ಕಡೆ ತಿರುಗಿದಳು. ಇಲ್ಲಿಯವರೆಗೆ ಯಾರೂ ಅವಳಿಗೆ ಇಲ್ಲ ಎಂದಿರಲಿಲ್ಲ. ಈಗ ಏನು ಹೇಳಬೇಕು ಎಂದು ಜರ್ಮನ್ನಿನಲ್ಲಿ ಪಿಸುಗುಟ್ಟಿದಳು. ಅಮ್ಮ ಆಗಲೇ ಚೀಲದಿಂದ ಚಿತ್ರಾನ್ನದ ಡಬ್ಬಿ ತೆಗೆಯುತ್ತಿದ್ದರು.